ಎರೆನೆಲದ ಮೇಲೆ ಗಾಲಿಕುರ್ಚಿ

ದೇಹದ ಒಂದು ಅಂಗ ಇಲ್ಲವಾದಾಗ, ಅಥವಾ ಇದ್ದೂ ಮಾತು ಕೇಳದಾದಾಗ, ಅದು ಮಾಡುತ್ತಿದ್ದ ಕೆಲಸದಲ್ಲಿ ಒಂದಷ್ಟನ್ನು ತಾನು ವಹಿಸಿಕೊಳ್ಳುವ ವಸ್ತುವಿಗೆ ಸಹಾಯಕ ಸಾಧನ ಎನ್ನುತ್ತಾರೆ. ಅಜ್ಜನ ಕೈಕೋಲು, ಕನ್ನಡಕ, ಶ್ರವಣಸಾಧನ, ಪೋಲಿಯೊ ತಗುಲಿದ ಕಾಲಿಗೆ ಕಟ್ಟುವ ಕ್ಯಾಲಿಪರ್, ಊರುಗೋಲು, ಮೂರು ಗಾಲಿಯ ಸೈಕಲ್ಲು, ಗಾಲಿಕುರ್ಚಿ, ಕೃತಕ ಕಾಲು ಇವೆಲ್ಲ ಈ ಒಂದೇ ಹೆಸರಿನಡಿ ಬರುತ್ತವೆ. ಸರ್ಕಾರಿ ಕಡತದಲ್ಲಿ ಇವಕ್ಕೆ ‘ಸಾಧನ ಸಲಕರಣೆ’ ಎಂಬ ಜೋಡಿ ಹೆಸರು. ದೈಹಿಕ ಪುನರ್ವಸತಿ ಇದರ ಜೊತೆಗೇ ನಡೆಯಬೇಕಾದ ಕೆಲಸ. ಪುನರ್ವಸತಿ ಎಂದೊಡನೆ ತುಂಗಭದ್ರೆಯ ಸೀಮೆಯವರಿಗೆ ಅಣೆಕಟ್ಟೆಯಲ್ಲಿ ಮುಳುಗಿದ ಊರುಗಳು ನೆನಪಾಗುವುದು ಸಹಜವಾದರೂ, ವೈದ್ಯಶಾಸ್ತ್ರದಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿದೆ: ಕಾಯಿಲೆ ಅಥವಾ ಅಪಘಾತ ಕಳೆದ ಮೇಲೆ ಉಳಿದಿರುವ ಶಕ್ತಿಯನ್ನು ವ್ಯಾಯಾಮ, ತರಬೇತಿ ಮತ್ತು ಸಾಧನಗಳ ಮೂಲಕ ಹುರಿಗೊಳಿಸಿ, ವ್ಯಕ್ತಿ ತನ್ನ ಮನೆ, ಹೊಲ, ಅಂಗಡಿಯ ಕೆಲಸಕ್ಕೆ ಮರಳುವಂತೆ ಮಾಡುವ ಚಿಕಿತ್ಸೆಯೇ ಪುನರ್ವಸತಿ. ಅಲ್ಲಿ ಜನ ಊರು ಬಿಟ್ಟು ಹೊಸ ಜಾಗಕ್ಕೆ ಹೋದರು. ಇಲ್ಲಿ ಜನ ತಮ್ಮದೇ ಊರಿಗೆ, ತಮ್ಮದೇ ಬೀದಿಗೆ ಮರಳಿ ಬರಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಇಂಥ ಒಂದಾದರೂ ಸಾಧನದ ಅಗತ್ಯವಿದೆ, ಅವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ದಕ್ಕಿಲ್ಲ. ಕನ್ನಡಕವೂ ಈ ಲೆಕ್ಕದಲ್ಲಿ ಸೇರಿರುವುದರಿಂದ ಅಂಕಿ ಅಷ್ಟು ದೊಡ್ಡದಾಗಿದೆ ಎಂಬುದನ್ನು ಮರೆಯಬಾರದು. 2011ರ ಜನಗಣತಿ ಕರ್ನಾಟಕದಲ್ಲಿ 13,24,205 ಅಂಗವಿಕಲರನ್ನು ಎಣಿಸಿತು. ಆಗ ಎಣಿಕೆಗೆ ಬಂದ ವೈಕಲ್ಯದ ಬಗೆಗಳು ಕೆಲವೇ ಆಗಿದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಈ ಬಗೆಗಳನ್ನು ಹಿಂದಿನ ಕಾಯಿದೆಯ ಏಳರಿಂದ 21ಕ್ಕೆ ಏರಿಸಿದ್ದರಿಂದ ಈಗಿನ ಸಂಖ್ಯೆ ಅದಕ್ಕಿಂತ ದೊಡ್ಡದೇ ಇರಬೇಕು. ಆದರೆ ಇಂಥ ಎಣಿಕೆಗಳು ಜನರನ್ನು ಎಣಿಸುತ್ತವೆಯೇ ಹೊರತು, ಆ ಜನ ಯಾವ ನೆಲದ ಮೇಲೆ ನಡೆಯಬೇಕಾಗಿದೆ ಎಂಬುದನ್ನು ಎಣಿಸುವುದಿಲ್ಲ. ಸಾಧನ ಕೆಲಸಕ್ಕೆ ಬರುತ್ತದೋ ಮೂಲೆ ಸೇರುತ್ತದೋ ಎಂಬುದು ಮುಕ್ಕಾಲು ಪಾಲು ನಿರ್ಧಾರವಾಗುವುದು ಆ ನೆಲದಿಂದಲೇ.

ಬಳ್ಳಾರಿ ನಗರದ ಸತ್ಯನಾರಾಯಣಪೇಟೆ, ಅಲ್ಲಿಂದ ಸಿಂಧನೂರು ರಸ್ತೆಯಲ್ಲಿ ಸುಮಾರು 55 ಕಿಲೋಮೀಟರ್ ದೂರದ ಸಿರುಗುಪ್ಪ, ಅದರ ಅರ್ಧದಷ್ಟು ದೂರದಲ್ಲಿ ಗುಡ್ಡಗಳಿಗೆ ಒರಗಿಕೊಂಡಿರುವ ಕುರುಗೋಡು, ಈ ಮೂರನ್ನು ಜೊತೆಗಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಒಂದೇ ಜಿಲ್ಲೆಯ ಊರುಗಳಾದರೂ ಮೂರರ ನೆಲವೂ ಬೇರೆ ಬೇರೆ. ಪೇಟೆಯಲ್ಲಿ ಮನೆಯ ಬಾಗಿಲಿಗೂ ರಸ್ತೆಗೂ ನಡುವೆ ಚರಂಡಿ, ಅದರ ಮೇಲೆ ಕಡಪಾ ಕಲ್ಲಿನ ಚಪ್ಪಡಿ, ಚಪ್ಪಡಿಯಿಂದ ಮೇಲಕ್ಕೆ ಎರಡು ಮೆಟ್ಟಿಲು, ಆಮೇಲೆ ಹೊಸ್ತಿಲು. ಸಿರುಗುಪ್ಪದ ಸುತ್ತ ತುಂಗಭದ್ರಾ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಅವುಗಳ ನಡುವೆ ಕೆಸರಿನ ಬದು. ಕುರುಗೋಡಿನಲ್ಲಿ ಗುಡ್ಡದ ಬುಡದ ಕಲ್ಲುನೆಲವೂ ಉಂಟು, ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಎರೆಹೊಲವೂ ಉಂಟು.

ಎರೆಮಣ್ಣಿನ ಗುಣ ಅದನ್ನು ಉಳುವವರಿಗೆಲ್ಲ ಗೊತ್ತು. ಅದರಲ್ಲಿರುವ ಜೇಡಿಯ ಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ಅಂಟುತ್ತದೆ. ನೀರು ಆರಿದಾಗ ಕುಗ್ಗಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದ ಮರುದಿನ ಇಂಥ ನೆಲದ ಮೇಲೆ ಎತ್ತಿನ ಗಾಡಿಯೇ ಹೂತು ನಿಲ್ಲುವಾಗ ಆಸ್ಪತ್ರೆಯ ನಯವಾದ ನೆಲಕ್ಕೆಂದು ಮಾಡಿದ ಗಾಲಿಕುರ್ಚಿಯ ಪಾಡು ಏನಾದೀತು? ಮಡಚುವ ಮಾದರಿಯ ಆ ಕುರ್ಚಿಗೆ ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎತ್ತ ಬೇಕಾದರತ್ತ ತಿರುಗುವ ಎರಡು ಸಣ್ಣ ಗಾಲಿಗಳಿರುತ್ತವೆ. ಸಣ್ಣ ಗಾಲಿಗೆ ಎರಡು ತೊಂದರೆಗಳು. ಅದು ನೆಲವನ್ನು ಮುಟ್ಟುವ ಜಾಗ ಕಿರಿದಾದ್ದರಿಂದ ಅದರ ಮೇಲಿನ ಭಾರವೆಲ್ಲ ಒಂದು ಬೊಟ್ಟಿನಗಲದ ಮಣ್ಣಿನ ಮೇಲೆ ಬಿದ್ದು ಗಾಲಿ ಕಚಕ್ಕನೆ ಇಳಿದುಬಿಡುತ್ತದೆ. ಜೊತೆಗೆ, ಯಾವ ಗಾಲಿಯಾದರೂ ತನ್ನ ಅಚ್ಚಿನಷ್ಟು ಎತ್ತರದ ಅಡ್ಡಿಯನ್ನು ಬರಿಯ ಮುಂದಿನ ನೂಕಿನಿಂದ ಹತ್ತಲಾರದು: 20 ಸೆಂಟಿಮೀಟರ್ ವ್ಯಾಸದ ಮುಂಗಾಲಿಯ ಅಚ್ಚು ನೆಲದಿಂದ 10 ಸೆಂಟಿಮೀಟರ್ ಮೇಲಿರುವುದರಿಂದ, ಅಷ್ಟೇ ಎತ್ತರದ ಹೊಸ್ತಿಲಿನ ಎದುರು ಎಷ್ಟು ಬಲ ಹಾಕಿದರೂ ಅದು ಹಠ ಹಿಡಿದ ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಅದಕ್ಕಿಂತ ಅರ್ಧ ಎತ್ತರದ ಅಡ್ಡಿಯೇ ಕೈಯಿಂದ ಗಾಲಿ ತಳ್ಳುವವರಿಗೆ ಸಾಕುಬೇಕಾಗುವಷ್ಟು ಕಷ್ಟ ಕೊಡುತ್ತದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. 1966ರಲ್ಲಿ ಮೋಟರ್ ಸೈಕಲ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಸ್ವತಃ ಗಾಲಿಕುರ್ಚಿ ಹತ್ತಿದ ಅಮೆರಿಕದ ರಾಲ್ಫ್ ಹಾಚ್‌ಕಿಸ್ ಎಂಬ ಎಂಜಿನಿಯರ್, ಬಡ ದೇಶಗಳ ಸಣ್ಣ ಕಾರ್ಖಾನೆಗಳಲ್ಲೇ ತಯಾರಿಸಬಹುದಾದ, ಅಗಲವಾದ ಮೆತ್ತನೆಯ ರಬ್ಬರಿನ ಮುಂಗಾಲಿ ಇರುವ ಕುರ್ಚಿಗಳನ್ನು ರೂಪಿಸಿದರು. ಮುಂದೆ ಒಂದೇ ದೊಡ್ಡ ಗಾಲಿಯಿದ್ದು ಉದ್ದಕ್ಕೆ ಚಾಚಿಕೊಂಡಿರುವ ಮೂರು ಗಾಲಿಯ ಒರಟುನೆಲದ ಕುರ್ಚಿಗಳೂ ಜಗತ್ತಿನ ಹಲವೆಡೆ ಬಳಕೆಯಲ್ಲಿವೆ. ಉದ್ದ ಕುರ್ಚಿ ಹೊಲದ ದಾರಿಯಲ್ಲಿ ಮುಗ್ಗರಿಸುವುದಿಲ್ಲ, ಆದರೆ ಸತ್ಯನಾರಾಯಣಪೇಟೆಯ ಕಿರಿದಾದ ನಡುಮನೆಯಲ್ಲಿ ತಿರುಗುವುದೂ ಇಲ್ಲ. ಹೀಗಾಗಿ ಒಬ್ಬರಿಗೆ ವರವಾದದ್ದು ಇನ್ನೊಬ್ಬರಿಗೆ ಹೊರೆ. ಅಂಗವಿಕಲರ ಅನುಕೂಲಕ್ಕೆ ಕಟ್ಟುವ ಇಳಿಜಾರಿಗೆ 1ಕ್ಕೆ 12ರ ಅನುಪಾತ ಇರಬೇಕೆಂಬುದು ಒಪ್ಪಿತ ನಿಯಮ, ಅಂದರೆ ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಬಾಗಿಲಿನಿಂದ ನಾಲ್ಕು ಅಡಿಗೆ ರಸ್ತೆ ಸಿಗುವ ಪೇಟೆಯ ಮನೆಯಲ್ಲಿ ಆ 12 ಅಡಿಯನ್ನು ಎಲ್ಲಿಂದ ತರುವುದು? ಅಲ್ಲಿ ಕುರ್ಚಿಯ ಜೊತೆಗೆ ಕಲಿಸಬೇಕಾದದ್ದು ಮುಂಗಾಲಿ ಎತ್ತಿ ಹಿಂಗಾಲಿಯ ಮೇಲೆ ಸಮತೂಕ ಹಿಡಿಯುವ ಕಸುಬು ಮತ್ತು ಮನೆಯವರಿಗೆ ಮೆಟ್ಟಿಲ ಮೇಲೆ ಕುರ್ಚಿಯನ್ನು ಹಿಂಬದಿಯಿಂದ ಎಳೆದುಕೊಳ್ಳುವ ಕ್ರಮ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿಯ ಸೇವೆಯನ್ನು ಎಂಟು ಹಂತಗಳಾಗಿ ವಿಂಗಡಿಸಿತು. ಅಳತೆ, ಆಯ್ಕೆ, ಹೊಂದಿಸುವಿಕೆ, ತರಬೇತಿ, ದುರಸ್ತಿ ಎಲ್ಲ ಅದರಲ್ಲಿ ಸೇರಿವೆ. ವೇದಿಕೆಯ ಮೇಲೆ ಕುರ್ಚಿ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಹಂತ ಆ ಎಂಟರಲ್ಲಿ ಇಲ್ಲ.

ನೆಲದ ಮಾತು ಬಂದಾಗ ಈ ಸೀಮೆಯ ಹೆಸರನ್ನೇ ಹೊತ್ತ ಒಂದು ಗಿಡವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಮುಳ್ಳುಮರವನ್ನು ಕನ್ನಡಿಗರು ಬಳ್ಳಾರಿ ಜಾಲಿ ಎನ್ನುತ್ತಾರೆ. ಹಳ್ಳದ ದಂಡೆ, ರಸ್ತೆಯ ಬದಿ, ಬೀಳುಬಿದ್ದ ಹೊಲ, ಎಲ್ಲೆಲ್ಲೂ ಹಬ್ಬಿರುವ ಇದರ ಗಟ್ಟಿ ಮುಳ್ಳು ಹವಾಯಿ ಚಪ್ಪಲಿಯನ್ನು ದಾಟಿ ಪಾದಕ್ಕೆ ನಾಟುತ್ತದೆ, ಗಾಳಿ ತುಂಬಿದ ಟೈರನ್ನು ಕ್ಷಣದಲ್ಲಿ ಪಂಕ್ಚರ್ ಮಾಡುತ್ತದೆ. ಗಾಳಿಯ ಟೈರು ಕಲ್ಲುನೆಲದ ಕುಲುಕಾಟವನ್ನು ನುಂಗುತ್ತದೆ, ಕುಳಿತವರ ಬೆನ್ನಿಗೆ ಹಿತ, ಆದರೆ ಮುಳ್ಳಿಗೆ ಸೋಲುತ್ತದೆ. ಗಟ್ಟಿ ರಬ್ಬರಿನ ಟೈರು ಮುಳ್ಳಿಗೆ ಜಗ್ಗುವುದಿಲ್ಲ, ಆದರೆ ಪ್ರತಿ ಕಲ್ಲಿನ ಏಟನ್ನೂ ಬೆನ್ನಿಗೆ ದಾಟಿಸುತ್ತದೆ. ದೂರದ ನಗರದಲ್ಲಿ ಕುಳಿತು ಟೆಂಡರ್ ಬರೆಯುವವರಿಗೆ ಈ ಆಯ್ಕೆಯ ಹಿಂದೆ ಒಂದು ಜಾಲಿ ಮುಳ್ಳು ಇದೆ ಎಂಬುದು ಹೊಳೆಯುವ ಸಂಭವ ಕಡಿಮೆ.

ಪಾದಕ್ಕೆ ನಾಟುವ ಮುಳ್ಳಿನ ಕಥೆ ಇನ್ನೂ ದೊಡ್ಡದು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಹತೋಟಿ ತಪ್ಪಿದಾಗ ದೇಹದ ಅತಿ ಉದ್ದದ ನರಗಳು, ಅಂದರೆ ಪಾದದವರೆಗೆ ಓಡುವ ನರಗಳು, ಮೊದಲು ಸೊರಗುತ್ತವೆ. ಪಾದ ಮೊದಲು ಜುಮುಗುಟ್ಟುತ್ತದೆ, ಉರಿಯುತ್ತದೆ, ಕೊನೆಗೆ ಸುಮ್ಮನಾಗುತ್ತದೆ. ಸುಮ್ಮನಾದಾಗ ರೋಗಿಗೆ ವಾಸಿಯಾಯಿತೆಂಬ ಭ್ರಮೆ. ಆಮೇಲೆ ಮುಳ್ಳು ನಾಟಿದ್ದೂ ಗೊತ್ತಾಗುವುದಿಲ್ಲ, ಕುಂಟದೆ ನಡೆಯುವುದರಿಂದ ಗಾಯಕ್ಕೆ ಬಿಡುವೂ ಸಿಗುವುದಿಲ್ಲ. 1940ರ ದಶಕದ ಕೊನೆಯಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ನೋವಿನ ಅರಿವು ಹೋದದ್ದರಿಂದ ಸುಟ್ಟು, ತರಚಿ, ಹುಣ್ಣಾಗಿ ನಶಿಸುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಆ ತಿಳಿವಳಿಕೆಯಿಂದ ಬೆಳೆದು ಬಂದದ್ದೇ ಎಂಸಿಆರ್ ಚಪ್ಪಲಿ: ಸಣ್ಣ ಸಣ್ಣ ಗಾಳಿಗುಳ್ಳೆಗಳು ತುಂಬಿದ ಮೃದು ರಬ್ಬರಿನ ಒಳಪದರ ಪಾದದ ಒತ್ತಡವನ್ನು ಹರಡುತ್ತದೆ, ಅದರ ಕೆಳಗಿನ ಗಟ್ಟಿ ಅಟ್ಟೆ ಮುಳ್ಳನ್ನು ತಡೆಯುತ್ತದೆ, ಮೊಳೆ ಹೊಡೆಯದೆ ಅಂಟಿಸಿ ಹೊಲಿಯುವುದರಿಂದ ಒಳಗಿನಿಂದ ಚುಚ್ಚುವ ಭಯವೂ ಇರುವುದಿಲ್ಲ. ಕುಷ್ಠರೋಗಕ್ಕೆಂದು ಬಂದ ಈ ಚಪ್ಪಲಿ ಈಗ ಸಕ್ಕರೆ ಕಾಯಿಲೆಯವರ ಕಾಲನ್ನೂ ಕಾಯುತ್ತಿದೆ. ಅರಿವು ಉಳಿದಿದೆಯೇ ಎಂದು ನೋಡಲು ದೊಡ್ಡ ಯಂತ್ರವೂ ಬೇಡ. ಹತ್ತು ಗ್ರಾಂ ಬಲಕ್ಕೆ ಬಾಗುವಂತೆ ಮಾಡಿದ ಒಂದು ನೈಲಾನ್ ಎಳೆಯನ್ನು, ರೋಗಿಯ ಕಣ್ಣು ಮುಚ್ಚಿಸಿ, ಪಾದದ ನಾಲ್ಕಾರು ಕಡೆ ಒತ್ತಿ ಕೇಳಿದರೆ ಸಾಕು. ಸಹಾಯಕ ಸಾಧನಗಳ ಪಟ್ಟಿಯಲ್ಲಿ ಕೃತಕ ಕಾಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಆ ಕಾಲು ಬೇಕಾಗದಂತೆ ಮಾಡುವ ಚಪ್ಪಲಿ ಬೀಳುವುದಿಲ್ಲ. ಇದು ಅನ್ಯಾಯವೇ ಸರಿ.

ಹುಣ್ಣು ಕೊಳೆತು ಗ್ಯಾಂಗ್ರೀನ್ ಆದಾಗ, ಅಥವಾ ಲಾರಿ, ಟ್ರ್ಯಾಕ್ಟರ್‌ಗಳಡಿ ಕಾಲು ಜಜ್ಜಿಹೋದಾಗ, ಪ್ರಾಣ ಉಳಿಸಲು ಕಾಲು ಕತ್ತರಿಸಬೇಕಾಗುತ್ತದೆ. 1961ರಲ್ಲಿ ಆರಂಭವಾಗಿ, ಹೆಸರು ಬದಲಾದರೂ ಜನರ ಬಾಯಲ್ಲಿ ‘ವಿಮ್ಸ್’ ಆಗಿಯೇ ಉಳಿದಿರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸುತ್ತಲಿನ ಸೀಮೆಗೆಲ್ಲ ದೊಡ್ಡಾಸ್ಪತ್ರೆ. ಗಡಿಯಾಚೆಯ ಆಂಧ್ರದ ಹಳ್ಳಿಗಳವರೂ ಇಲ್ಲಿಗೆ ಬರುತ್ತಾರೆ. ಶಸ್ತ್ರಚಿಕಿತ್ಸೆ ಮುಗಿಸಿ ಹೊಲಿಗೆ ಬಿಚ್ಚಿಸಿಕೊಂಡು ರೋಗಿ ಮನೆಗೆ ಹೋದ ಮೇಲೆ ಮೊದಲ ಕೆಲವು ವಾರಗಳಲ್ಲಿ ಏನಾಗುತ್ತದೆ ಎಂಬುದರ ಮೇಲೆ ಅವರು ಮುಂದೆ ನಡೆಯುವುದು ಬಿಡುವುದು ನಿಂತಿದೆ. ಮನೆಯವರು ಅಕ್ಕರೆಯಿಂದ ಮೋಟುಗಾಲಿನ ಕೆಳಗೆ ದಿಂಬು ಕೊಡುತ್ತಾರೆ. ಮಂಡಿ ಬಾಗಿದ ಭಂಗಿಯಲ್ಲಿ ನೋವು ಕಡಿಮೆ, ಹಾಗಾಗಿ ರೋಗಿಗೂ ಅದೇ ಇಷ್ಟ. ಆದರೆ ವಾರಗಟ್ಟಲೆ ಬಾಗಿಯೇ ಇದ್ದ ಮಂಡಿಯ ಹಿಂದಿನ ಸ್ನಾಯು ಮತ್ತು ಕಟ್ಟುಗಳು ಗಿಡ್ಡವಾಗಿ ಮಂಡಿ ಅಲ್ಲೇ ಸೆಟೆದುಕೊಳ್ಳುತ್ತದೆ. ಇದನ್ನು ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ಸೆಟೆದ ಮಂಡಿಗೆ ಎಷ್ಟು ಒಳ್ಳೆಯ ಕೃತಕ ಕಾಲು ತಂದರೂ ಅದು ನೇರ ನಿಲ್ಲದು. ತಡೆಯುವ ಉಪಾಯ ಒಂದು ಪೈಸೆಯ ಖರ್ಚಿಲ್ಲದ್ದು: ದಿಂಬು ತೆಗೆದು ಕಾಲು ನೀಡಿಸಿಡುವುದು, ತೊಡೆಯ ಮಟ್ಟದಲ್ಲಿ ಕತ್ತರಿಸಿದ್ದರೆ ದಿನಕ್ಕೆ ಎರಡು ಮೂರು ಸಲ ಬೋರಲಾಗಿ ಮಲಗುವುದು, ಕ್ರೇಪ್ ಪಟ್ಟಿಯನ್ನು ಬಳೆಯಂತೆ ಅಡ್ಡಡ್ಡ ಬಿಗಿಯದೆ ಇಂಗ್ಲಿಷಿನ ಎಂಟರ ಅಂಕಿಯಂತೆ ಓರೆಯಾಗಿ ಸುತ್ತಿ ಬಾವು ಇಳಿಸುವುದು. ಇಷ್ಟನ್ನು ಸಿರುಗುಪ್ಪದ ಮನೆಯೊಂದಕ್ಕೆ ಹೋಗಿ, ಕೈಹಿಡಿದು ತೋರಿಸಿ, ಮುಂದಿನ ವಾರ ಮತ್ತೆ ಹೋಗಿ ನೋಡುವ ಒಬ್ಬ ವ್ಯಕ್ತಿ ಬೇಕು. ಸಾವಿರಾರು ರೂಪಾಯಿಯ ಕಾಲಿನ ಯಶಸ್ಸು ಈ ದಿಂಬಿನ ಮೇಲೆ ನಿಂತಿದೆಯೆಂದರೆ ಓದುಗರಿಗೆ ಉತ್ಪ್ರೇಕ್ಷೆ ಅನ್ನಿಸೀತು, ಫಿಜಿಯೋಥೆರಪಿಸ್ಟರಿಗೆ ಅನ್ನಿಸಲಾರದು.

ಕೃತಕ ಕಾಲಿನಲ್ಲಿ ಜನ ನೋಡುವುದು ಪಾದವನ್ನು, ತಜ್ಞರು ನೋಡುವುದು ಸಾಕೆಟ್ಟನ್ನು. ಸಾಕೆಟ್ ಎಂದರೆ ಮೋಟುಗಾಲು ಕೂರುವ ಗೂಡು. ಪಾದದ ಅಡಿಯ ಚರ್ಮ ಭಾರ ಹೊರಲೆಂದೇ ದಪ್ಪವಾಗಿ ಬೆಳೆದದ್ದು. ಮೊಣಕಾಲ ಕೆಳಗಿನ ಚರ್ಮಕ್ಕೆ ಆ ಅಭ್ಯಾಸವಿಲ್ಲ, ಮೂಳೆಯ ತುದಿಯಂತೂ ಒತ್ತಡ ತಾಳುವುದೇ ಇಲ್ಲ. ಆದ್ದರಿಂದ ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜುವಿನಂಥ, ಭಾರ ತಾಳಬಲ್ಲ ಕೆಲವೇ ಜಾಗಗಳ ಮೇಲೆ ಮೈಭಾರವನ್ನು ಕೂರಿಸಿ, ಉಳಿದ ಕಡೆ ಬಿಡುವು ಕೊಡುವಂತೆ ಗೂಡನ್ನು ಕೊರೆಯಬೇಕು. ಮೊದಲು ಪ್ಲಾಸ್ಟರ್ ಪಟ್ಟಿಯಿಂದ ಮೋಟಿನ ಅಚ್ಚು ತೆಗೆಯುತ್ತಾರೆ, ಅದರೊಳಗೆ ಪ್ಲಾಸ್ಟರ್ ಸುರಿದು ಪಡಿಯಚ್ಚು ಮಾಡುತ್ತಾರೆ, ಪಡಿಯಚ್ಚನ್ನು ಎಲ್ಲಿ ಒತ್ತಡ ಬೇಕೋ ಅಲ್ಲಿ ಕೆರೆದು, ಎಲ್ಲಿ ಬೇಡವೋ ಅಲ್ಲಿ ಮೆತ್ತಿ ತಿದ್ದುತ್ತಾರೆ, ಆಮೇಲೆ ಬಿಸಿಗೆ ಮೆದುವಾದ ಪ್ಲಾಸ್ಟಿಕ್ಕನ್ನು ಅದರ ಮೇಲೆ ಎಳೆದು ಗೂಡು ಮಾಡುತ್ತಾರೆ. ಕೆರೆಯುವ ಆ ಹಂತವೇ ಕಲೆ. ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಒಂದು ತಿಂಗಳಲ್ಲಿ ಹುಣ್ಣು.

ಈ ಕಸುಬನ್ನು ಭಾರತದ ನೆಲಕ್ಕೆ ಹೊಂದಿಸಿದ್ದು ಜೈಪುರ. 1968ರ ಸುಮಾರಿಗೆ ಅಲ್ಲಿನ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಡಾ. ಪಿ.ಕೆ. ಸೇಥಿ ಮತ್ತು ಶಾಲೆಯ ಓದು ಹೆಚ್ಚಿಲ್ಲದಿದ್ದರೂ ಕೈಯಲ್ಲಿ ವಿದ್ಯೆಯಿದ್ದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರೂಪಿಸಿದ ರಬ್ಬರಿನ ಪಾದ, ಜೈಪುರ ಕಾಲು ಎಂದೇ ಹೆಸರಾಯಿತು. ಪಶ್ಚಿಮದಿಂದ ಬಂದ ಆಗಿನ ಪಾದಗಳು ಬೂಟಿನೊಳಗೆ ಅಡಗಿರಲೆಂದು ಮಾಡಿದವು, ಕಣಕಾಲಿನಲ್ಲಿ ಬಾಗುತ್ತಿರಲಿಲ್ಲ, ನೀರು ತಗುಲಿದರೆ ಕೆಡುತ್ತಿದ್ದವು. ಬರಿಗಾಲಲ್ಲಿ ಗುಡಿಗೆ ಹೋಗುವ, ಕುಕ್ಕರುಗಾಲಲ್ಲಿ ಕೂರುವ, ಚಕ್ಕಳಮಕ್ಕಳ ಹಾಕಿ ಉಣ್ಣುವ, ಕೆಸರುಗದ್ದೆಗೆ ಇಳಿಯುವ ಜನಕ್ಕೆ ಅಂಥ ಪಾದ ಏನು ಪ್ರಯೋಜನ? ಜೈಪುರದ ಪಾದ ಎಲ್ಲ ದಿಕ್ಕಿಗೂ ಬಾಗುತ್ತದೆ, ನೀರಿಗೆ ಹೆದರುವುದಿಲ್ಲ, ಬೆರಳು ಉಗುರುಗಳ ಗುರುತು ಇರುವುದರಿಂದ ಬರಿಗಾಲಿಗೂ ಒಪ್ಪುತ್ತದೆ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮಾ ಅವರ ಹೆಸರು ಅಷ್ಟಾಗಿ ಹರಡಲಿಲ್ಲ, ಕೈಕಸುಬಿನವರ ಪಾಲಿಗೆ ಇದು ಹೊಸದೂ ಅಲ್ಲ. 1975ರಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಈ ಕಾಲನ್ನು ಉಚಿತವಾಗಿ ದೇಶವಿದೇಶಗಳಿಗೆ ಮುಟ್ಟಿಸಿತು. ಮುಂದೆ, ನೀರು ಸಾಗಿಸುವ ಎಚ್‌ಡಿಪಿಇ ಕೊಳವೆಯನ್ನೇ ಕಾಯಿಸಿ ಅಚ್ಚಿನ ಮೇಲೆ ಎಳೆದು ಒಂದೇ ದಿನದಲ್ಲಿ ಕಾಲು ಕೊಡುವ ಕ್ರಮವೂ ರೂಢಿಗೆ ಬಂತು. ಸಿರುಗುಪ್ಪದಲ್ಲಿ ಭತ್ತದ ನಾಟಿಗೆ ಹೋಗುವವರ ಕಾಲು ಹೇಗಿರಬೇಕೆಂದು ಕೇಳಿದ್ದರೆ, ಹೆಚ್ಚೂಕಡಿಮೆ ಇದೇ ಉತ್ತರ ಬರುತ್ತಿತ್ತು.

ಆದರೆ ಒಂದೇ ದಿನದಲ್ಲಿ ಕಾಲು ಸಿಗುವುದರಿಂದ ಕೆಲಸ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಬಾವು ಇಳಿದು, ಬಳಕೆಯಿಲ್ಲದ ಸ್ನಾಯು ಕರಗಿ, ಮೋಟುಗಾಲು ಸಣ್ಣದಾಗುತ್ತ ಹೋಗುತ್ತದೆ. ಬಿಗಿಯಾಗಿದ್ದ ಗೂಡು ಸಡಿಲವಾಗುತ್ತದೆ, ಒಳಗೆ ಕಾಲು ಮೇಲೆ ಕೆಳಗೆ ಜಾರಿ ಚರ್ಮ ಸುಲಿಯುತ್ತದೆ. ಮೊದಲು ಒಂದರ ಮೇಲೊಂದು ಕಾಲುಚೀಲ ಹಾಕಿ ತುಂಬಬಹುದು, ಆಮೇಲೆ ಹೊಸ ಗೂಡೇ ಬೇಕು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರಿನವರೇ ನಗುತ್ತಾರೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಗೂಡಿನೊಳಗೆ ಬೆವರು ನಿಂತು ಚರ್ಮ ನೆನೆದು ಮೆತ್ತಗಾಗುವುದರಿಂದ ಈ ತೊಂದರೆ ಇಲ್ಲಿ ಇಮ್ಮಡಿ. ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವರು ನಡೆಯಲು ಇತರರಿಗಿಂತ ಸುಮಾರು ಕಾಲುಭಾಗ ಹೆಚ್ಚು ಶಕ್ತಿ ಸುರಿಯಬೇಕು, ಮೊಣಕಾಲ ಮೇಲೆ ಕಳೆದುಕೊಂಡವರು ಅರ್ಧಕ್ಕಿಂತಲೂ ಹೆಚ್ಚು. ಇಷ್ಟು ಶ್ರಮದ ಮೇಲೆ ನೋವೂ ಸೇರಿದಾಗ ಕಾಲನ್ನು ಕಳಚಿ ಅಟ್ಟದ ಮೇಲಿಟ್ಟು ಊರುಗೋಲು ಹಿಡಿಯುವುದು ಸೋಮಾರಿತನವಲ್ಲ, ಸರಿಯಾದ ಲೆಕ್ಕಾಚಾರ. ಕಾಲು ಕೊಟ್ಟ ದಿನದ ಎಣಿಕೆಗಿಂತ ಆರು ತಿಂಗಳ ನಂತರ ಎರಡನೆಯ ಅಳತೆಗೆ ಬಂದವರ ಎಣಿಕೆ ದೊಡ್ಡ ಸತ್ಯ ಹೇಳುತ್ತದೆ.

ಬೆನ್ನುಹುರಿಗೆ ಪೆಟ್ಟು ಬಿದ್ದವರ ವಿಷಯದಲ್ಲಿ ನೋವು ಎಚ್ಚರಿಸುವುದೂ ಇಲ್ಲ. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು. ಹೊರಗಿನಿಂದ ಅದಕ್ಕಿಂತ ಹೆಚ್ಚು ಒತ್ತಡ ಬಹಳ ಹೊತ್ತು ಬಿದ್ದರೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಆರೋಗ್ಯವಂತರು ಕೂತಲ್ಲೇ ತಿಳಿಯದೆ ಮಗ್ಗುಲು ಬದಲಿಸುತ್ತಲೇ ಇರುತ್ತಾರೆ. ಸೊಂಟದ ಕೆಳಗೆ ಸ್ಪರ್ಶವಿಲ್ಲದವರು ಗಡಿಯಾರ ನೋಡಿ ಕೈಯೂರಿ ಮೈ ಎತ್ತಬೇಕು. ಕುಂಡೆಯ ಎಲುಬುಗಳ ಕೆಳಗೆ ಸರಿಯಾದ ಮೆತ್ತೆಯಿಲ್ಲದ ಗಾಲಿಕುರ್ಚಿ ಇವರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಎರಡನೆಯ ಮಹಾಯುದ್ಧಕ್ಕೆ ಮೊದಲು ಇಂಥ ಗಾಯಾಳುಗಳಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್‌ವಿಗ್ ಗುಟ್‌ಮನ್ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಂಥ ಕಟ್ಟುನಿಟ್ಟಿನ ಆರೈಕೆಯಿಂದ ಆ ಚಿತ್ರವನ್ನು ಬದಲಿಸಿದರು.

ಮಕ್ಕಳ ಮಾತು ಬೇರೆ, ಅಲ್ಲಿ ಕಾಲವೇ ಔಷಧ. ಸಾವಿರಕ್ಕೆ ಸುಮಾರು ಒಂದು ಮಗು ಪಾದ ಒಳಕ್ಕೆ ತಿರುಚಿಕೊಂಡು ಹುಟ್ಟುತ್ತದೆ. ಅಮೆರಿಕದ ಅಯೋವಾದಲ್ಲಿ ಇಗ್ನೇಷಿಯೊ ಪೊನ್ಸೇಟಿ ರೂಪಿಸಿದ ಕ್ರಮದಂತೆ ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತ ಹೋದರೆ ಐದಾರು ವಾರಗಳಲ್ಲಿ ಪಾದ ನೇರವಾಗುತ್ತದೆ, ಹಲವರಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ ಬೇಕಾಗುತ್ತದೆ. ಅದಾದ ಮೇಲೆ ಕೋಲಿಗೆ ಜೋಡಿಸಿದ ಬೂಟುಗಳನ್ನು ಮೊದಲ ಮೂರು ತಿಂಗಳು ದಿನವಿಡೀ, ಮುಂದೆ ಸುಮಾರು ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ತೊಡಿಸಬೇಕು. ಕಾಲು ನೇರವಾಯಿತಲ್ಲ ಎಂದು ಬೂಟು ಬಿಟ್ಟರೆ ಪಾದ ಮತ್ತೆ ತಿರುಚುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇಂಥ ಮಕ್ಕಳನ್ನು ಅಂಗನವಾಡಿಯಲ್ಲೇ ಗುರುತಿಸಲು ಹೊರಟಿತು. ಅಂಗನವಾಡಿಗಿಂತ ಮೊದಲು ಬಾಣಂತಿಯ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬಿದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ವಿದ್ಯೆ ಇದ್ದೂ ಅದು ಜನರಿಗೆ ಮುಟ್ಟುವ ದಾರಿ ಹೇಗಿದೆ? ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಸಾಧನಗಳನ್ನು ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಕೊಡುತ್ತ ಬಂದಿದೆ. ಇವುಗಳಲ್ಲಿ ದೊಡ್ಡ ಪಾಲು ಕಾನ್ಪುರದ ಅಲಿಮ್ಕೊ ಎಂಬ ಸರ್ಕಾರಿ ಕಾರ್ಖಾನೆಯದು, ಅದರ ಒಂದು ಘಟಕ ಬೆಂಗಳೂರಿನಲ್ಲೂ ಇದೆ. ಹಂಚಿಕೆ ನಡೆಯುವುದು ಹೆಚ್ಚಾಗಿ ಶಿಬಿರಗಳಲ್ಲಿ. ಒಂದು ದಿನ ಪರೀಕ್ಷೆ, ತಿಂಗಳುಗಳ ನಂತರ ಇನ್ನೊಂದು ದಿನ ವಿತರಣೆ. ದೂರದ ಜನರನ್ನು ಒಮ್ಮೆಲೇ ತಲುಪುವ ಶಿಬಿರದ ಉಪಕಾರವನ್ನು ಅಲ್ಲಗಳೆಯಬೇಕಿಲ್ಲ, ಆದರೆ ಸಾಲಿನಲ್ಲಿ ನಿಂತವರ ಕೈಗೆ ಊರುಗೋಲು ಕೊಟ್ಟು ಮುಂದಿನವರನ್ನು ಕರೆಯುವ ಅವಸರದಲ್ಲಿ ಒಂದು ಸಣ್ಣ ಕೆಲಸ ತಪ್ಪಿಹೋಗುತ್ತದೆ. ಊರುಗೋಲಿನ ಮೇಲಿನ ಪಟ್ಟಿ ಕಂಕುಳಕ್ಕಿಂತ ಎರಡು ಮೂರು ಬೆರಳು ಕೆಳಗಿರಬೇಕು, ಭಾರ ಬೀಳಬೇಕಾದದ್ದು ಅಂಗೈಯ ಮೇಲೆ. ಎತ್ತರ ಹೊಂದಿಸದಿದ್ದರೆ ಜನ ಕಂಕುಳಲ್ಲೇ ಜೋತುಬೀಳುತ್ತಾರೆ, ಅಲ್ಲಿ ಹಾಯುವ ನರ ಒತ್ತಿಕೊಂಡು ಮಣಿಕಟ್ಟು ಜೋಲು ಬೀಳುತ್ತದೆ. ಕಾಲಿಗೆ ಆಸರೆಯಾಗಿ ಬಂದದ್ದು ಕೈಯನ್ನೂ ಕಸಿದುಕೊಂಡಂತೆ. ತಿರುಪು ಬಿಚ್ಚಿ ರಂಧ್ರ ಬದಲಿಸಿ ಬಿಗಿಯಲು ಎರಡು ನಿಮಿಷ ಸಾಕಾಗಿತ್ತು.

ಶಿಬಿರಕ್ಕೂ ಮೊದಲು ಪ್ರಮಾಣಪತ್ರ ಬೇಕು. ಯುಡಿಐಡಿ ಎಂಬ ಗುರುತಿನ ಚೀಟಿಗೆ ವೈದ್ಯರು ವೈಕಲ್ಯವನ್ನು ಶೇಕಡಾವಾರು ಅಳೆಯುತ್ತಾರೆ, 40ಕ್ಕಿಂತ ಕೆಳಗಿನವರಿಗೆ ಹೆಚ್ಚಿನ ಸವಲತ್ತುಗಳ ಬಾಗಿಲು ತೆರೆಯುವುದಿಲ್ಲ. ಈ ಅಂಕಿ ದೇಹ ಕಳೆದುಕೊಂಡದ್ದನ್ನು ಅಳೆಯುತ್ತದೆ. ಬದುಕಿಗೆ ಬೇಕಾದದ್ದನ್ನು ಅಳೆಯುವುದಿಲ್ಲ. ಆಮೇಲೆ ದೂರದ ಪ್ರಶ್ನೆ. ಈ ಭಾಗಕ್ಕೆ ಹತ್ತಿರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಹಲವು ಬಗೆಯ ವೈಕಲ್ಯಗಳಿಗೆ ಒಂದೇ ಸೂರಿನಡಿ ಸೇವೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ದಾವಣಗೆರೆಯಲ್ಲಿದೆ. ಕೃತಕಾಂಗ ತಜ್ಞರನ್ನು ತಯಾರುಮಾಡುವ ಮೊಬಿಲಿಟಿ ಇಂಡಿಯಾ, ಎನ್.ಎಸ್. ಹೇಮಾ ಮತ್ತು ಗೆಳೆಯರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, ಎರಡೂ ಬೆಂಗಳೂರಿನವು. ಸಾರಿಗೆ ನಿಗಮಗಳ ಅಂಗವಿಕಲರ ರಿಯಾಯಿತಿ ಪಾಸು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ. ಸಿರುಗುಪ್ಪದಿಂದ ಬಳ್ಳಾರಿ ಆ ವೃತ್ತದ ಒಳಗಿದೆ, ದಾವಣಗೆರೆ ಹೊರಗಿದೆ. ಎರಡನೆಯ ಅಳತೆ ಬಳ್ಳಾರಿಯಲ್ಲೇ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ಅಂತರವನ್ನು ಒಂದು ದಿನದ ಕೂಲಿ, ಜೊತೆಗೆ ಬರುವವರ ಇನ್ನೊಂದು ದಿನದ ಕೂಲಿ, ಎತ್ತರದ ಬಸ್ಸಿನ ಮೆಟ್ಟಿಲು, ಇವುಗಳಲ್ಲೇ ಲೆಕ್ಕಹಾಕಬೇಕು.

ಈ ಅಂತರವನ್ನು ತುಂಬಬಲ್ಲ ಒಂದು ವ್ಯವಸ್ಥೆ ಕರ್ನಾಟಕದಲ್ಲಿ ಈಗಾಗಲೇ ಇದೆ. 2007-08ರಲ್ಲಿ ಆರಂಭವಾದ ಗ್ರಾಮೀಣ ಪುನರ್ವಸತಿ ಯೋಜನೆಯಡಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ನಗರಗಳಿಗೆ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಊರಲ್ಲಿ ಅವರನ್ನು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಇವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಪ್ರಾಥಮಿಕ ಆರೋಗ್ಯ ಸೇವೆ ಕುರಿತ ಆಲ್ಮಾ ಆಟಾದ 1978ರ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಬೆಳೆಸಿದ ಸಮುದಾಯಾಧಾರಿತ ಪುನರ್ವಸತಿಯ ಕಲ್ಪನೆ, ಅಂದರೆ ತಜ್ಞರ ಬಳಿಗೆ ರೋಗಿಯನ್ನು ಎಳೆದೊಯ್ಯುವ ಬದಲು ಸರಳ ವಿದ್ಯೆಯನ್ನು ರೋಗಿಯ ಮನೆಯ ಹತ್ತಿರದವರ ಕೈಗೆ ಕೊಡುವುದು, ಇಷ್ಟು ವಿಸ್ತಾರವಾಗಿ ಸರ್ಕಾರಿ ರೂಪ ಪಡೆದದ್ದು ಅಪರೂಪ. ಆದರೆ ಈ ಕಾರ್ಯಕರ್ತರ ದಿನ ಕಳೆಯುವುದು ಹೆಚ್ಚಾಗಿ ಪಿಂಚಣಿಯ ಅರ್ಜಿ, ಬಸ್ ಪಾಸಿನ ಅರ್ಜಿ, ಸಮೀಕ್ಷೆಯ ನಮೂನೆಗಳಲ್ಲಿ. ಅರ್ಜಿಯೂ ಬೇಕಾದದ್ದೇ. ಆ ಜೊತೆಗೆ ದಿಂಬು ತೆಗೆಸುವುದು, ಎಂಟರ ಪಟ್ಟಿ ಸುತ್ತುವುದು, ಊರುಗೋಲಿನ ರಂಧ್ರ ಬದಲಿಸುವುದು, ನೈಲಾನ್ ಎಳೆಯಿಂದ ಪಾದ ಪರೀಕ್ಷಿಸುವುದು, ಹಾಸಿಗೆ ಹುಣ್ಣಿನ ಮೊದಲ ಕೆಂಪು ಗುರುತಿಸುವುದು, ಈ ಐದನ್ನು ಕಲಿಸಲು ಕೆಲವು ವಾರಗಳ ತರಬೇತಿ ಸಾಕು.

ಉಳಿದದ್ದು ದುರಸ್ತಿ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ವರ್ಷಾನುಗಟ್ಟಲೆ ಬಾಳುವುದು ಅದರ ಚೈನು, ಫ್ರೀವೀಲು, ಟೈರುಗಳೆಲ್ಲ ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುವುದರಿಂದ. ಬ್ಯಾಟರಿಯ ಗಾಡಿಗೆ ಆ ಭಾಗ್ಯವಿಲ್ಲ, ಬ್ಯಾಟರಿ ಸತ್ತ ದಿನ ಅದು ಅಂಗಳದ ಗೂಟ. ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಬೆಸೆಯುವ ಸಿರುಗುಪ್ಪ, ಕುರುಗೋಡಿನ ವೆಲ್ಡಿಂಗ್ ಅಂಗಡಿಗಳಿಗೆ ಮುರಿದ ಗಾಲಿಕುರ್ಚಿಯ ಚೌಕಟ್ಟು ದೊಡ್ಡ ಕೆಲಸವಲ್ಲ. ದೇಶಕ್ಕೆಲ್ಲ ಜೀನ್ಸ್ ಹೊಲಿದು ಕಳಿಸುವ ಬಳ್ಳಾರಿಯಲ್ಲಿ ದಪ್ಪ ಬಟ್ಟೆ ಹೊಲಿಯುವ ಯಂತ್ರಗಳಿಗೆ ಬರವಿಲ್ಲ, ಹರಿದ ಕುರ್ಚಿಯ ಆಸನಕ್ಕೂ ಕ್ಯಾಲಿಪರಿನ ಪಟ್ಟಿಗೂ ಅವೇ ಸಾಕು. ಮುಂಗಾಲಿಯ ಬೇರಿಂಗಿನೊಳಗೆ ಎರೆಯ ಧೂಳು ಹೊಕ್ಕು ಗಾಲಿ ಕಿರುಗುಟ್ಟತೊಡಗಿದರೆ ಅದನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಗ್ರೀಸು ತುಂಬಿ ಜೋಡಿಸಲು ಒಬ್ಬ ಸೈಕಲ್ ಮೇಸ್ತ್ರಿಗೆ ಅರ್ಧ ಗಂಟೆ ಹಿಡಿದೀತು. ಆ ಅರ್ಧ ಗಂಟೆಯ ಕೂಲಿಯ ಬಿಲ್ಲನ್ನು ಯಾವ ಕಚೇರಿ ಪಾಸು ಮಾಡಬೇಕು ಎಂಬುದು ಮಾತ್ರ ಇನ್ನೂ ಬಗೆಹರಿಯಬೇಕಾಗಿದೆ.